ಮೊದಲು ಹುಣಸೆ ತೋಪಿನವನು, ಆಮೇಲೆ ಜವರಪ್ಪ

ಜವರಪ್ಪ ಹದಿನೇಳು ವರ್ಷ ಸೈನ್ಯದಲ್ಲಿ ಲಾರಿ ಓಡಿಸಿದವನು. ಊರಿಗೆ ಬಂದ ಮೇಲೆ ಹೆಂಡತಿ ಕದಿರಮ್ಮ ತೀರಿಕೊಂಡಳು, ಕುಡಿತ ಹತ್ತಿತು. ತಮ್ಮನ ಮನೆಯಲ್ಲಿ ಜಗಳವಾಡಿ ಹೊರಟವನು ಬಾಶೆಟ್ಟಿಹಳ್ಳಿಯ ಬಸ್ ತಂಗುದಾಣ ಸೇರಿದ. ಕುಡಿತವನ್ನೇನೋ ಬಿಟ್ಟ, ಆದರೆ ವಾಪಸ್ ಹೋಗಲು ಮುಖವಿರಲಿಲ್ಲ. ಕಾರ್ಖಾನೆಯ ಬೆಳಗಿನ ಪಾಳಿಯವರು ಬಸ್ಸಿಳಿಯುವಷ್ಟರಲ್ಲಿ ಗಡ್ಡ ಹೆರೆದು, ತಂಗುದಾಣ ಗುಡಿಸಿ ಮುಗಿಸಿರುತ್ತಿದ್ದ.

ಬೀದಿಯಲ್ಲಿ ಮಲಗುವವರನ್ನು ನಿರಾಶ್ರಿತರ ಕೇಂದ್ರಕ್ಕೆ ಕರೆದೊಯ್ಯುವ ವ್ಯಾನು ಅವನನ್ನು ಎರಡು ಸಲ ಹತ್ತಿಸಿಕೊಂಡು ಹೋಗಿತ್ತು. ಎರಡು ಸಲವೂ ನಡೆದುಕೊಂಡೇ ಹಿಂದಿರುಗಿದ್ದ. ಹಾಗಾಗಿ ಆ ಆಷಾಢದಲ್ಲಿ ಸರ್ಕಾರಿ ಜೀಪು ಬಂದು ನಿಂತಾಗ ಚೀಲ ಎತ್ತಿಕೊಂಡು ಎದ್ದೇಬಿಟ್ಟ.

"ಓಡ್ಬೇಡಿ ಸಾರ್, ಹಿಡಿಯೋಕ್ ಬಂದಿಲ್ಲ," ಎಂದಳು ಇಳಿದವಳು. ಅವಳು ಭಾನುಪ್ರಿಯಾ, ಮನೆಯಿಲ್ಲದ ಮಾಜಿ ಸೈನಿಕರನ್ನು ಹುಡುಕಲು ಜಿಲ್ಲಾಡಳಿತ ನೇಮಿಸಿದ್ದ ಅಧಿಕಾರಿ. ಅವರಿಗೆಂದೇ ದೇವನಹಳ್ಳಿಯಲ್ಲಿ ವಸತಿಗೃಹ ತೆರೆದು ತಿಂಗಳಾಗಿತ್ತು, ಒಬ್ಬರೂ ಬಂದಿರಲಿಲ್ಲ.

"ಸೈನ್ಯದ ಕಾಗದಪತ್ರ ಏನಾದ್ರೂ ಇದೆಯಾ?"

"ಎಲ್ಲಾ ಕಳ್ದೋಯ್ತು ಕಣಮ್ಮ. ನಂಬರ್ ನೆನಪೈತೆ." ಸೈನ್ಯದ ಸಂಖ್ಯೆಯನ್ನು ಒಂದೇ ಉಸಿರಿಗೆ ಹೇಳಿದ. ಅವಳು ಬರೆದುಕೊಂಡಳು.

"ಬನ್ನಿ, ಇವತ್ತೇ ರೂಮ್ ಕೊಡಿಸ್ತೀನಿ."

"ನಾನ್ ಗಟ್ಟಿಮುಟ್ಟಾಗಿದೀನಿ. ನಲ್ಲೂರು ಹುಣಸೆ ತೋಪಲ್ಲಿ ಮಿಲಿಟ್ರಿ ಕೋಟಿನೋನ್ ಒಬ್ಬ ಅವ್ನಂತೆ. ಮೊದ್ಲು ಅವ್ನು."

"ಮೂರ್ ಸಲ ಹೋಗಿದ್ದೆ. ಕಲ್ಲು ಎತ್ಕೋತಾರೆ."

"ನಾನ್ ಬರ್ತೀನಿ ನಡೀರಿ."

ಹಳೇ ಹುಣಸೆಯ ಬೇರುಗಳ ನಡುವೆ ಕೂತಿದ್ದ ಮುದುಕ ಇವರನ್ನು ಕಂಡದ್ದೇ ಕಲ್ಲಿಗೆ ಕೈಹಾಕಿದ. ಜವರಪ್ಪ ಹತ್ತು ಹೆಜ್ಜೆ ದೂರದಲ್ಲೇ ನೆಲಕ್ಕೆ ಕೂತ.

"ಯಾವ ಪಲ್ಟನ್ನು?"

ಮುದುಕ ಕಲ್ಲನ್ನು ಕೈಯಲ್ಲೇ ಹಿಡಿದು ಅವನನ್ನು ಮೇಲಿಂದ ಕೆಳಗೆ ನೋಡಿದ.

"ಸೇತುವೆ ಕಟ್ಟೋ ಪಲ್ಟನ್ನು. ಆದಿನಾರಾಯಣಪ್ಪ ಅಂತಾರೆ."

"ಹಂಗಾದ್ರೆ ನೀನ್ ಕಟ್ಟಿದ್ ಸೇತುವೆ ಮೇಲೆ ನಾನು ಲಾರಿ ಓಡ್ಸಿರ್ಬೇಕು ಕಣಯ್ಯಾ!"

ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಕಲ್ಲು ಬಿಟ್ಟು ಜೀಪು ಹತ್ತಿದ.

ಅಂದಿನಿಂದ ಜವರಪ್ಪನಿಲ್ಲದೆ ಜೀಪು ಹೊರಡಲಿಲ್ಲ. ದೀಪಾವಳಿಯ ಹೊತ್ತಿಗೆ ವಸತಿಗೃಹದಲ್ಲಿ ಜವರಪ್ಪನೂ ಸೇರಿ ಹತ್ತೊಂಬತ್ತು ಜನ. ಹೊಸಕೋಟೆಯಲ್ಲಿ ಇನ್ನೊಂದು ತೆರೆಯಲು ಆದೇಶವಾಯಿತು. ಸೈನ್ಯದ ದಾಖಲೆ ಕಚೇರಿಯಿಂದ ಜವರಪ್ಪನ ಕಾಗದಗಳೂ ಬಂದವು. ವರ್ಷವರ್ಷ ಬದುಕಿದ್ದೇನೆಂದು ತೋರಿಸದೆ ಪಿಂಚಣಿ ನಿಂತುಹೋಗಿತ್ತು. ಅದನ್ನು ತೋರಿಸಲು ಭಾನುಪ್ರಿಯಾ ಬೆರಳ ಗುರುತು ಓದುವ ಯಂತ್ರ ಮುಂದಿಟ್ಟಳು. ಸ್ಟೀರಿಂಗ್ ಹಿಡಿದು ಸವೆದ ಹೆಬ್ಬೆರಳನ್ನು ಅದು ಎರಡು ಸಲ ಗುರುತಿಸಲಿಲ್ಲ. ಮೂರನೆಯದಕ್ಕೆ ಹಸಿರು ಗುರುತು ಮೂಡಿತು.

"ಬದುಕಿದೀನಂತೆ ಕಣ್ರಪ್ಪೋ!" ಎಂದು ಜವರಪ್ಪ ಕೂಗಿದ. ಊಟಕ್ಕೆ ಕೂತಿದ್ದ ಹದಿನೆಂಟೂ ಮಂದಿ ತಟ್ಟೆ ಬಡಿದು ಕೇಕೆ ಹಾಕಿದರು.