ಅಧ್ಯಕ್ಷರ ಗಂಡಂದಿರು ಕಂಡ ಸಿಂಗಾಪುರ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ ನಾನು ಎರಡು ಸಲ ಬಾಯಿ ತೆರೆದು ಸುಮ್ಮನಾದೆ. ಒಮ್ಮೆ "ಹೋಲ್ಡಾನ್" ಎನ್ನಲು, ಇನ್ನೊಮ್ಮೆ "ರೈಟ್" ಎನ್ನಲು. ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನ ನಾಲಿಗೆ ನಿವೃತ್ತಿಯಾದ ಮೇಲೂ ಡ್ಯೂಟಿ ಬಿಡುವುದಿಲ್ಲ. ಪಕ್ಕದಲ್ಲಿದ್ದ ನೀಲವ್ವ ಮೊಣಕೈಯಿಂದ ತಿವಿದು, "ಸುಮ್ಮ ಕುಂದರ್ರಿ, ಇವತ್ತ ನೀವು ಪ್ಯಾಸೆಂಜರ್" ಎಂದಳು. ನೀಲವ್ವ ನನ್ನ ಹೆಂಡತಿ, ನಮ್ಮ ಜಿಲ್ಲಾ ಪಂಚಾಯತಿಯ ಸದಸ್ಯೆ. ಎರಡನ್ನೂ ಹೇಳುವಾಗ ನನ್ನ ಎದೆ ಸ್ವಲ್ಪ ಮುಂದೆ ಬರುತ್ತದೆ. ಓದುವವರು ಸಹಿಸಿಕೊಳ್ಳಬೇಕು.

ನೀಲವ್ವನ ತಂಗಿಯ ಮಗಳು ಸವಿತಾ ಸಿಂಗಾಪುರದಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ನೀಲವ್ವನನ್ನೂ ಕರೆದಿದ್ದರು. ಮುಖ್ಯ ಅತಿಥಿ ನಮ್ಮ ಜಿಲ್ಲೆಯ ಮಾಜಿ ಮಂತ್ರಿಗಳು. ಎಲ್ಲರೂ ಅವರನ್ನು ಸಾಹೇಬರು ಎನ್ನುವುದರಿಂದ ನಾನೂ ಹಾಗೇ ಬರೆಯುತ್ತೇನೆ. ಅವರು ಆಗಲೇ ಮಗನ ಮನೆಗೆಂದು ಸಿಂಗಾಪುರಕ್ಕೆ ಹೋಗಿದ್ದರು. ನಮ್ಮ ಜಿಲ್ಲಾ ಪಂಚಾಯತಿಯ ಮುಂದಿನ ಅವಧಿಯ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿತ್ತು. ಪಕ್ಷದಲ್ಲಿ ಎರಡೇ ಹೆಸರು ಓಡಾಡುತ್ತಿದ್ದವು: ನೀಲವ್ವ, ಮತ್ತು ಪಕ್ಕದ ತಾಲ್ಲೂಕಿನ ಸದಸ್ಯೆ ಶಾರದಾ. ಹೆಸರು ಆರಿಸುವವರು ಸಾಹೇಬರು. "ಈ ಸಲ ಅಧ್ಯಕ್ಷರು ಸಿಂಗಾಪುರದಾಗ ಫೈನಲ್ ಆಗ್ತಾರ" ಎಂದು ನಮ್ಮೂರ ಚಹಾದಂಗಡಿಯಲ್ಲಿ ನಗುತ್ತಿದ್ದರು.

ನೀಲವ್ವನಿಗೆ ಆ ಖುರ್ಚಿ ಬೇಕಾಗಿತ್ತು. ಬೇಕು ಎಂದು ಬಾಯಿಬಿಟ್ಟೇ ಹೇಳುತ್ತಿದ್ದಳು. ನಮ್ಮ ತಾಲ್ಲೂಕಿನ ಯಾವ ಬಸ್ ನಿಲ್ದಾಣದಲ್ಲೂ ಹೆಂಗಸರಿಗೆ ಹೋಗಬಹುದಾದ ಶೌಚಾಲಯ ಇಲ್ಲ. ಸದಸ್ಯೆಯಾಗಿ ಅವಳು ಎಷ್ಟು ಸಭೆಯಲ್ಲಿ ಎದ್ದು ಹೇಳಿದರೂ "ನೋಡೋಣ" ಎಂಬ ಉತ್ತರ ಬರುತ್ತಿತ್ತು. ನೋಡೋಣ ಎನ್ನುವವರ ಖುರ್ಚಿಯಲ್ಲೇ ಕೂತರೆ ಕೆಲಸ ಆದೀತು ಎಂಬುದು ಅವಳ ಲೆಕ್ಕ.

ಬೆಂಗಳೂರಿನಿಂದ ಸಿಂಗಾಪುರಕ್ಕೆ ವಿಮಾನದಲ್ಲಿ ನಾಲ್ಕೂವರೆ ತಾಸು. ಹುಬ್ಬಳ್ಳಿಯಿಂದ ವಿಜಾಪುರಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು, ಊಟ ಕೊಡುವವರೂ ಇಲ್ಲ. ಗಗನಸಖಿ ಬಾಗಿಲಿನಿಂದ ಹಿಂದಿನವರೆಗೆ ತಲೆ ಎಣಿಸುತ್ತ ಬಂದಾಗ, ಇವಳೂ ನಮ್ಮ ಕಸುಬಿನವಳೇ ಎಂದು ಖುಷಿಯಾಯಿತು. ಇಳಿದಾಗ ಗಡಿಯಾರವನ್ನು ಎರಡೂವರೆ ತಾಸು ಮುಂದಕ್ಕೆ ತಿರುಗಿಸಿಕೊಂಡೆ. ಹೊರಗೆ ಬಂದರೆ ನವೆಂಬರ್ ತಿಂಗಳಲ್ಲೂ ಮೈಗೆ ಅಂಟುವ ಸೆಕೆ.

ಸವಿತಾಳ ಜೊತೆ ಸಂಘದ ಕಾರ್ಯದರ್ಶಿ ಸುಜಾತಾ ಬಂದಿದ್ದರು. ಉಡುಪಿ ಕಡೆಯವರು, ಬುಕಿತ್ ಪಂಜಾಂಗಿನಲ್ಲಿ ಮನೆ. ಕೈಯಲ್ಲಿ ಮಲ್ಲಿಗೆ ಹಾರ. "ವೆಲ್ಕಮ್ ಸರ್" ಎಂದು ನೇರವಾಗಿ ನನ್ನ ಕೊರಳಿಗೆ ಹಾಕಿಬಿಟ್ಟರು.

"ಆಂಟಿ, ಮೆಂಬರ್ ನಮ್ಮ ದೊಡ್ಡಮ್ಮ" ಎಂದಳು ಸವಿತಾ.

ಸುಜಾತಾ ನಾಲಿಗೆ ಕಚ್ಚಿಕೊಂಡರು. "ಅಯ್ಯೋ ಸಾರಿ ಮೇಡಂ. ಲೇಡಿ ಸೆಕ್ರೆಟರಿ ಆಗಿ ನಾನೇ ಹೀಗೆ ಮಾಡಿದ್ನಲ್ಲ."

"ಇರಲಿ ಬಿಡ್ರಿ. ಊರಾಗೂ ಹಿಂಗ ಆಗತೈತಿ, ನನಗ ರೂಢಿ ಆಗೇತಿ" ಎಂದಳು ನೀಲವ್ವ. ನಾನು ಹಾರ ತೆಗೆದು ಅವಳಿಗೆ ಹಾಕಲು ಹೋದರೆ ಬೇಡವೆಂದಳು.

ಸವಿತಾಳ ಮನೆ ಬುಕಿತ್ ಬಾಟೋಕ್‌ನಲ್ಲಿ, ಹನ್ನೊಂದನೇ ಮಹಡಿ. ಸರ್ಕಾರ ಕಟ್ಟಿಸಿದ ಮನೆಗಳಂತೆ. ಕೆಳಗಿನ ಅಂತಸ್ತು ಪೂರ್ತಿ ಖಾಲಿ, ಅದಕ್ಕೆ ವಾಯ್ಡ್ ಡೆಕ್ ಎನ್ನುತ್ತಾರೆ. ಮುದುಕರು ಚದುರಂಗ ಆಡುವುದೂ ಅಲ್ಲೇ, ಮಲಯರ ಮದುವೆಯೂ ಅಲ್ಲೇ, ಚೀನೀಯರ ಸಾವಿನ ಕಾರ್ಯವೂ ಅಲ್ಲೇ. ನೀಲವ್ವ ಮೊದಲ ದಿನವೇ ಸವಿತಾಳನ್ನು ಪ್ರಶ್ನೆಯಿಂದ ಸುಸ್ತು ಮಾಡಿದಳು. ಇದನ್ನು ಯಾರು ಗುಡಿಸುತ್ತಾರೆ, ಲಿಫ್ಟ್ ಕೆಟ್ಟರೆ ಯಾರನ್ನು ಕೇಳಬೇಕು, ಎಷ್ಟು ದಿನಕ್ಕೆ ಬರುತ್ತಾರೆ?

"ದೊಡ್ಡಮ್ಮ, ಫೋನ್ ಮಾಡಿ ಕಂಪ್ಲೇಂಟ್ ಕೊಟ್ರೆ ಅವರೇ ಬಂದು ರಿಪೇರಿ ಮಾಡ್ತಾರೆ. ನಾವ್ಯಾರೂ ಫಾಲೋ ಅಪ್ ಮಾಡಲ್ಲ" ಎಂದಳು ಸವಿತಾ.

"ಹಂಗಾರ ಇಲ್ಲಿ ಮೆಂಬರ್ ಆದವರಿಗೆ ಕೆಲಸ ಏನು?" ಎಂದು ನಾನು ಕೇಳಿದೆ.

ಮರುದಿನ ಸುತ್ತಾಟ. ಬಸ್ಸಿನಲ್ಲಿ ಕಂಡಕ್ಟರ್ ಇಲ್ಲವೆಂದು ಕೇಳಿದ್ದೆ, ಹತ್ತಿದ ಮೇಲೂ ನನ್ನ ಕಣ್ಣು ಅವನನ್ನೇ ಹುಡುಕಿತು. ಹತ್ತುವಾಗ ಒಂದು ಕಾರ್ಡು ಮುಟ್ಟಿಸಬೇಕು, ಇಳಿಯುವಾಗ ಮತ್ತೊಮ್ಮೆ. ಮರೆತರೆ ಕೊನೇ ಸ್ಟಾಪಿನವರೆಗಿನ ದುಡ್ಡು ಹೋಗುತ್ತದೆ. ಸವಿತಾಳ ಪುಟ್ಟ ಮಗಳು "ಅಜ್ಜಾ, ಟ್ಯಾಪ್ ಮಾಡು ಲಾ" ಎಂದು ಅಲ್ಲಿಯವರ ರಾಗದಲ್ಲೇ ಹೇಳಿ ನನ್ನನ್ನು ಎರಡು ಸಲ ಕಾಪಾಡಿದಳು. ಜುರಾಂಗ್ ಈಸ್ಟ್‌ಗೆ ಎಂಆರ್‌ಟಿ ರೈಲಿನಲ್ಲಿ ಒಂದೇ ಸ್ಟೇಷನ್, ಒಂದು ಡಾಲರಿನೊಳಗೆ ಮುಗಿಯಿತು. ಸಾಲು ತಿಂಡಿ ಅಂಗಡಿಗಳಿರುವ ಅಲ್ಲಿಯ ಹಾಕರ್ ಸೆಂಟರಿನಲ್ಲಿ ತೋಸೈ ಎಂಬ ಹೆಸರಿನ ದೋಸೆ ತಿಂದೆವು. ಎಲ್ಲಿ ನೋಡಿದರೂ ಕ್ರೇನು, ಎಲ್ಲಿ ನೋಡಿದರೂ ಹೊಸ ಕಟ್ಟಡ. ನಾನು ಕತ್ತೆತ್ತಿ ಮಹಡಿ ಎಣಿಸುತ್ತಿದ್ದೆ. ನೀಲವ್ವ ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋದವಳು ಬಹಳ ಹೊತ್ತು ಬರಲಿಲ್ಲ. ಗಾಬರಿಯಾಗಿ ಸವಿತಾಳನ್ನು ಕಳಿಸಿದರೆ, ಒಳಗೆ ನಲ್ಲಿ, ಚಿಲಕ, ಬಾಗಿಲು ಎಲ್ಲವನ್ನೂ ತೆರೆದು ಮುಚ್ಚಿ ಪರೀಕ್ಷೆ ನಡೆಸಿದ್ದಳಂತೆ.

ಮೂರನೇ ದಿನ ಬೆಳಿಗ್ಗೆ ಸಾಹೇಬರಿಂದ ಕರೆ ಬಂತು. ಮಗನ ಕಾಂಡೋ, ಅಂದರೆ ಖಾಸಗಿ ಅಪಾರ್ಟ್ಮೆಂಟಿನ ಹಜಾರದಲ್ಲಿ ಸಾಹೇಬರು ಉಪ್ಪಿಟ್ಟು ತಿನ್ನುತ್ತ ಕೂತಿದ್ದರು. ಪಕ್ಕದಲ್ಲಿ ಕಂತ್ರಾಟದಾರ ಬಸನಗೌಡರನ್ನು ಕಂಡು ನಾನು ದಂಗಾದೆ. ಇವರು ಶಾರದಾಳ ಗಂಡ. ಸದಸ್ಯೆ ಶಾರದಾ ಊರಲ್ಲಿ, ಇವರು ಸಿಂಗಾಪುರದಲ್ಲಿ.

ಸಾಹೇಬರು ಒಳ್ಳೆಯ ಮಾತುಗಾರರು. ಊರಿನ ಮಳೆ, ಬೆಳೆ ಎಲ್ಲ ಕೇಳಿದರು. ಆಮೇಲೆ ನೀಲವ್ವನ ಕಡೆ ಕೈ ತೋರಿಸಿ ನನ್ನನ್ನು ನೋಡಿದರು. "ಕಂಡಕ್ಟರ್ ಸಾಹೇಬರ, ನಿಮ್ಮ ಮನಿಯವರು ಬಾಯಿ ಜೋರು, ಕೆಲಸಾನೂ ಜೋರು. ಮಂದಿ ಒಪ್ಪತಾರ. ಹೆಸರು ನಾನೂ ಹೇಳಬಲ್ಲೆ. ಒಂದ ಮಾತು. ಖುರ್ಚಿ ಅವರದು ಇರಲಿ. ಫೈಲು, ಟೆಂಡರು, ನನ್ನ ಫೋನು, ಇವು ಮೂರೂ ನಿಮ್ಮ ಕಡೆ ಇರಬೇಕು. ಹೂಂ ಅನ್ರಿ, ನಾಳೆ ಸ್ಟೇಜಿನ ಮ್ಯಾಲೆ ಹೇಳಿಬಿಡತೀನಿ."

ಒಂದು ಹೂಂ, ಅಷ್ಟೇ. ಹೆಂಡತಿ ಅಧ್ಯಕ್ಷೆ, ಮನೆ ಮುಂದೆ ಕೆಂಪು ದೀಪದ ಕಾರು. ನೀಲವ್ವನ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಸಾಹೇಬರನ್ನೇ ನೋಡುತ್ತಿದ್ದಳು.

"ಸಾಹೇಬರ, ನಾ ಟಿಕೇಟ್ ಹರದವ. ಎಷ್ಟ ವರ್ಷ ಬಸ್ಸಿನ್ಯಾಗ ಇದ್ರೂ ಸ್ಟೇರಿಂಗ್ ಮುಟ್ಟಿಲ್ಲ" ಎಂದೆ. "ನೀವು ಅಕೀನ್ನ ಕೇಳಬೇಕು."

"ಕೇಳ್ರಿ" ಎಂದಳು ನೀಲವ್ವ. "ನಾ ಇಲ್ಲೇ ಕುಂತೀನಿ."

ಸಾಹೇಬರು ಕೇಳಲಿಲ್ಲ. ನಕ್ಕು, ಚಹಾ ತರಿಸಿದರು. ಬಸನಗೌಡರು ತಟ್ಟನೆ ಎದ್ದು ಅವರ ಖಾಲಿ ತಟ್ಟೆ ಎತ್ತಿಕೊಂಡರು. ಹೊರಗೆ ಬಂದಾಗ ಜೋರು ಮಳೆ. ಬಸ್ ಸ್ಟಾಪಿನವರೆಗೂ ಚಾವಣಿಯ ದಾರಿ ಇದ್ದುದರಿಂದ ಒದ್ದೆಯಾಗದೆ ನಡೆದೆವು. ನೀಲವ್ವ ನನ್ನ ತೋಳು ಹಿಡಿದವಳು ಸ್ಟಾಪು ಬರುವವರೆಗೂ ಬಿಡಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವು ರಸ್ತೆಯ ಮೇಲೆ ಹಾಗೆ ನಡೆದದ್ದು ಅದೇ ಮೊದಲು.

ರಾಜ್ಯೋತ್ಸವ ಜುರಾಂಗ್ ಈಸ್ಟಿನ ಒಂದು ಸಭಾಂಗಣದಲ್ಲಿ. ಹುಬ್ಬಳ್ಳಿಯವರು, ಕಲಬುರಗಿಯವರು, ಮಂಗಳೂರಿನವರು, ಹಾಲ್ ತುಂಬಿತ್ತು. ನಾಡಗೀತೆಗೆ ಎಲ್ಲರೂ ಎದ್ದು ನಿಂತಾಗ, ಕನ್ನಡ ಓದಲು ಬಾರದ ಮಕ್ಕಳೂ ಒಂದಕ್ಷರ ತಪ್ಪದೆ ಹಾಡಿದವು. ನನಗೆ ಕಣ್ಣು ತುಂಬಿ ಬಂತು. ಇಷ್ಟು ದೂರ ಬಂದರೂ ನಮ್ಮವರು ನಮ್ಮವರಾಗಿಯೇ ಇದ್ದಾರಲ್ಲ ಎಂದು ಹೆಮ್ಮೆಯಾಯಿತು.

ಸಂಘದವರು ಶಾರದಾಳನ್ನೂ ಕರೆದಿದ್ದರಂತೆ, ವೇದಿಕೆಯ ಮೇಲೆ ಅವಳ ಹೆಸರಿನ ಖುರ್ಚಿಯೂ ಇತ್ತು. ಬಸನಗೌಡರು ಹೋಗಿ ಅದರಲ್ಲಿ ಕೂತರು. ಸುಜಾತಾ ಓಡಿಬಂದು, "ಸರ್, ಇದು ಮೇಡಂ ಸೀಟು. ಮೇಡಂ ಬರ್ಲಿಲ್ವಾ?" ಎಂದರು.

"ನಾನ ಅವರು" ಎಂದರು ಬಸನಗೌಡರು, ತಮಾಷೆಯೇನೂ ಇಲ್ಲದೆ.

ಸಾಹೇಬರು ಬೆಂಗಳೂರನ್ನು ಸಿಂಗಾಪುರ ಮಾಡುವ ಬಗ್ಗೆ ಮಾತಾಡಿದರು. ಆ ವರ್ಷಗಳಲ್ಲಿ ನಮ್ಮ ಕಡೆ ಮೈಕು ಸಿಕ್ಕವರೆಲ್ಲ ಆಡುತ್ತಿದ್ದ ಮಾತು ಅದು. ಚಪ್ಪಾಳೆಯೂ ಬಿತ್ತು. ಆಮೇಲೆ ನೀಲವ್ವನಿಗೆ ಐದು ನಿಮಿಷ.

"ನಾ ಬಸ್ ಕಂಡಕ್ಟರ್ ಹೆಂಡತಿ" ಎಂದು ಶುರುಮಾಡಿದಳು. "ನಮ್ಮ ಕಡೆ ಮುಂಜಾನೆ ಬಸ್ ಹತ್ತಿದ ಹೆಣಮಗಳು ಸಂಜಿತನಕ ನೀರು ಕುಡಿಯಂಗಿಲ್ಲ. ಕುಡದ್ರ ಎಲ್ಲಿ ಹೋಗಬೇಕು? ನಾನೂ ಹಂಗ ತಿರಗೀನಿ. ನಿಮ್ಮ ಊರಾಗ ಎತ್ತರದ ಬಿಲ್ಡಿಂಗ್ ನೋಡಿದೆ, ಭಾಳ ಚಂದ ಅದಾವು. ಆದ್ರ ಮೊನ್ನೆ ಇಲ್ಲೇ ಬಸ್ ಸ್ಟ್ಯಾಂಡಿನ್ಯಾಗ ಒಬ್ಬಾಕಿ ಹುಡುಗಿ ನಿಂತು, ಬಾಟ್ಲಿ ಎತ್ತಿ ಗಟಗಟ ಅಂತ ನೀರು ಕುಡದ್ಲು. ಅದನ್ನ ನೋಡಿ ನನಗ ಹೊಟ್ಟಿಕಿಚ್ಚಾತು. ನಮ್ಮ ಜಿಲ್ಲಾದಾಗ ಹೆಣಮಕ್ಕಳು ಹಂಗ ನೀರು ಕುಡಿಯೂಹಂಗ ಆದ್ರ ಸಾಕು. ಸಿಂಗಾಪುರ ಆಮ್ಯಾಲ ಮಾಡೂಣು."

ಹಿಂದಿನ ಸಾಲಿನ ಹೆಂಗಸರು ಮೊದಲು ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ. ನಾನು ಎದ್ದು ನಿಂತು ಹೊಡೆದೆ. ಯಾರು ಏನಂದುಕೊಂಡರೋ ಗೊತ್ತಿಲ್ಲ.

ಕೊನೆಗೆ ಸಾಹೇಬರು ಮತ್ತೆ ಮೈಕು ಹಿಡಿದು, "ನಮ್ಮ ಜಿಲ್ಲೆಯ ಮುಂದಿನ ಅಧ್ಯಕ್ಷರು ನಮ್ಮ ಬಸನಗೌಡರು" ಎಂದರು. ಒಂದು ಕ್ಷಣ ತಡೆದು, "ಅಂದ್ರ, ಅವರ ಶ್ರೀಮತಿಯವರು" ಎಂದು ಸೇರಿಸಿದರು.

ಊಟಕ್ಕೆ ಬಿಸಿಬೇಳೆ ಭಾತ್, ಹೋಳಿಗೆ ಎಲ್ಲ ಇತ್ತು. ನಾನು ತಟ್ಟೆ ಪಕ್ಕಕ್ಕಿಟ್ಟೆ. "ನಾ ಹೂಂ ಅಂದಿದ್ರ ನಿನ್ನ ಹೆಸರು ಬರತಿತ್ತು" ಎಂದೆ.

"ಬರತಿತ್ತು" ಎಂದಳು ನೀಲವ್ವ. "ಅಧ್ಯಕ್ಷ ನೀವು ಆಗತಿದ್ರಿ. ಹೋಳಿಗಿ ತಿನ್ರಿ, ಚಲೋ ಆಗೇತಿ."

ಹೊರಡುವ ದಿನ ನೀಲವ್ವ ಶಾರದಾಳಿಗೆ ಫೋನ್ ಮಾಡಬೇಕೆಂದಳು. ಗೆದ್ದವರಿಗೆ ಶುಭಾಶಯ ಹೇಳದೆ ಹೋದರೆ ಅದು ರಾಜಕಾರಣವಲ್ಲ, ಜಗಳ ಎನ್ನುವುದು ಅವಳ ಮಾತು. ಸವಿತಾ ನಂಬರು ಹಚ್ಚಿ ಸ್ಪೀಕರ್ ಹಾಕಿದಳು.

"ಶಾರದಾ, ನೀ ಅಧ್ಯಕ್ಷ ಆಗಾಕತ್ತಿ. ಖುಷಿ ಆತು."

"ನಾ ಎಲ್ಲಿ ಆಗತೀನಿ ಅಕ್ಕಾ. ಅವರು ಆಗತಾರ" ಎಂದಿತು ಆ ಕಡೆಯ ದನಿ. ಆಮೇಲೆ, "ನೀ ಭಾಷಣದಾಗ ನೀರಿನ ಮಾತು ಹೇಳಿದೆಂತ. ಅವರು ಫೋನಿನ್ಯಾಗ ನಕ್ಕೋತ ಹೇಳಿದ್ರು, ಸಿಂಗಾಪುರಕ್ಕ ಹೋಗಿ ಸಂಡಾಸದ ಸುದ್ದಿ ತಗದ್ಲು ಅಂತ. ನನಗ ನಗಿ ಬರಲಿಲ್ಲ. ಮದಿವಿಗಿಂತ ಮೊದಲ ನಾನೂ ಬಸ್ಸಿನ್ಯಾಗ ಕಾಲೇಜಿಗೆ ಹೋದಾಕಿನ."

ನೀಲವ್ವ ಫೋನಿಗೆ ಇನ್ನಷ್ಟು ಬಗ್ಗಿದಳು. "ಶಾರದಾ, ನಾಮಪತ್ರಕ್ಕ ಸಹಿ ಯಾರು ಮಾಡಬೇಕು? ನೀನೋ, ಅವರೋ?"

"ನಾನ."

"ಅಷ್ಟ ನೆನಪಿಟ್ಟುಕೋ. ಯಾರ ಹೆಸರು ಸೂಚಿಸಿ ಮಾಡತಿ, ಅದು ನಿನ್ನ ಮನಸು. ನೀ ನಿಂತ್ರೂ ನಾ ಕೈ ಎತ್ತತೀನಿ, ಆದ್ರ ನೀನ ನಿಂತಿರಬೇಕು."

ವಿಮಾನ ಮೇಲೇರುವಾಗ ಸಮುದ್ರದ ತುಂಬ ಹಡಗುಗಳು ಸಾಲಾಗಿ ನಿಂತದ್ದು ಕಂಡಿತು. ನೀಲವ್ವನಿಗೆ ತೋರಿಸೋಣವೆಂದು ತಿರುಗಿದರೆ ಅವಳಿಗೆ ಗಾಢ ನಿದ್ದೆ. ಐದು ದಿನದಲ್ಲಿ ಅವಳು ನೆಮ್ಮದಿಯಾಗಿ ಮಲಗಿದ್ದು ಆಗಲೇ.

ಊರಿಗೆ ಬಂದ ವಾರದಲ್ಲೇ ಜಿಲ್ಲಾ ಪಂಚಾಯತಿ ಭವನದಲ್ಲಿ ಚುನಾವಣೆ. ನೀಲವ್ವ ಒಳಗೆ ಹೋದಳು, ಶಾರದಾಳೂ ಹೋದಳು. ಹಿಂದೆಯೇ ಹೊರಟ ಬಸನಗೌಡರನ್ನು ಜವಾನ ಬಾಗಿಲಲ್ಲಿ ತಡೆದ. "ಸದಸ್ಯರು ಮಾತ್ರ ಸರ್." ಅವರು ಬಂದು ನಾನು ನಿಂತಿದ್ದ ಬೇವಿನ ಗಿಡದ ನೆರಳಲ್ಲೇ ನಿಂತರು. ಎರಡು ತಾಸು ಇಬ್ಬರೂ ಬಾಗಿಲನ್ನೇ ನೋಡುತ್ತ ಕಾದೆವು. ಅವರ ಜೇಬಿನಲ್ಲಿ ಫೋನು ಮತ್ತೆ ಮತ್ತೆ ಹೊಡೆದುಕೊಳ್ಳುತ್ತಿತ್ತು, ಸಾಹೇಬರದೇ ಇರಬೇಕು. ಒಳಗಿನಿಂದ ಚಪ್ಪಾಳೆ ಕೇಳಿಸಿತು, ಬಾಗಿಲು ತೆರೆಯಿತು. "ಒಂದ ನಾಮಪತ್ರ ಬಂದಿತ್ತು, ಅವಿರೋಧ ಆಯ್ಕೆ" ಎಂದ ಜವಾನ. ಜನ ನೀಲವ್ವನ ಹೆಸರು ಹಿಡಿದು ಜಯಕಾರ ಹಾಕುವುದು ಕೇಳಿ ನಾನೂ ಗಿಡದಡಿಯೇ ಚಪ್ಪಾಳೆ ಹೊಡೆದೆ.

ಬಸನಗೌಡರು ಬಾಗಿಲಿಗೆ ಓಡಿದರು. ಹೊರಗೆ ಬಂದ ಶಾರದಾಳನ್ನು ಅಡ್ಡಗಟ್ಟಿ, "ಇಕೀ ಹೆಸರು ಯಾರು ಸೂಚಿಸಿದರು?" ಎಂದು ಕೇಳಿದರು.

ಶಾರದಾ ಸೆರಗು ಸರಿಮಾಡಿಕೊಂಡು ಗಂಡನ ಮುಖ ನೋಡಿದಳು.

"ನಾನ ರೀ" ಎಂದಳು.