ಕುಡಿದದ್ದಲ್ಲ, ಉಂಡದ್ದು

ನರಿಕೊಂಬಿನ ಅಣ್ಣು ಎತ್ತಿನ ಗಾಡಿಯವನು. ಬಂಟ್ವಾಳದಿಂದ ಬೆಳ್ತಂಗಡಿಗೆ, ಮೂಡುಬಿದಿರೆಗೆ ಸಾಮಾನು ಸಾಗಿಸುತ್ತಾ ಒಂದೂರಿನಲ್ಲಿ ಎರಡು ದಿನ ನಿಂತವನಲ್ಲ. ಅಂಥವನು ೧೯೬೩ರ ಬೇಸಗೆಯಲ್ಲಿ ಕಾಲು ಬಾತು, ತಲೆ ಮಂಕಾಗಿ, ಮೂಡುಬಿದಿರೆಯ ಒಂದು ಆಸ್ಪತ್ರೆಯ ಮಂಚಕ್ಕೆ ಸಿಕ್ಕಿಬಿದ್ದನು. ನಾನು ಆಗ ಅಲ್ಲಿಯ ಶಾಲೆಯಲ್ಲಿ ಮಾಷ್ಟ್ರಾಗಿದ್ದೆ. ನಮ್ಮೂರಿನವನೆಂದು ಸಂಜೆ ನೋಡಲು ಹೋಗುತ್ತಿದ್ದೆ.

ಮೈಸೂರು ಕಡೆಯ ಡಾಕ್ಟರೊಬ್ಬರು ಅಲ್ಲಿ ಪ್ರಯೋಗ ನಡೆಸುತ್ತಿದ್ದರು. ಮೈಯಲ್ಲಿ ನೀರು ಹೆಚ್ಚಿ ರಕ್ತ ತೆಳುವಾದವರಲ್ಲಿ ಅರ್ಧ ಮಂದಿಗೆ ಕುಡಿಯುವ ನೀರನ್ನು ಸ್ವಲ್ಪವೇ ಅಳೆದು ಕೊಡುವುದು, ಉಳಿದವರನ್ನು ಮೊದಲಿನಂತೆ ಬಿಡುವುದು. ಯಾರ ರಕ್ತ ಬೇಗ ಹದಕ್ಕೆ ಬರುತ್ತದೆಂದು ನೋಡುವುದು. ಅಣ್ಣು ಒಪ್ಪಿದನು. ಚೀಟಿ ಎತ್ತಿದಾಗ ಅಳತೆಯ ಪಾಲಿಗೆ ಬಿದ್ದನು. ರಕ್ತ ಹದವಾಗದೆ ಮನೆಗೆ ಹೋದರೆ ಫಿಟ್ಸ್ ಬಂದೀತೆಂದು ಡಾಕ್ಟರು ಎಚ್ಚರಿಸಿದ್ದರು. ಅತ್ತ ಮಗಳು ಕುಸುಮಳ ಮದುವೆ ಹತ್ತಿರವಾಗುತ್ತಿತ್ತು. ಧಾರೆ ಎರೆಯಬೇಕಾದವನು ಅವನೇ.

ಎದುರು ಮಂಚದ ಅಬ್ದುಲ್ ಸಲಾಂ ಬೇಕಾದಷ್ಟು ಕುಡಿಯಬಹುದಾದವರು. "ನೋಡು ಮಾರಾಯ, ನಿನ್ನ ಹೆಸರಲ್ಲಿ ಇನ್ನೊಂದು ಲೋಟ," ಎಂದು ಕೆಣಕುತ್ತಿದ್ದರು.

"ಕುಡೀರಿ ಸಾಯ್ಬರೇ, ಆ ಕಡೆ ತಿರುಗಿ ಕುಡೀರಿ!"

ನಾಲಗೆ ಅಂಟಿಕೊಂಡರೂ ಅಣ್ಣು ಅಳತೆ ಮೀರಲಿಲ್ಲ. ಆದರೂ ರಕ್ತ ಹದಕ್ಕೆ ಬರಲಿಲ್ಲ. ಕದ್ದು ಕುಡಿಯುತ್ತಾನೆಂಬ ಸಂಶಯದಿಂದ ಬಚ್ಚಲಿಗೆ ಬೀಗ ಬಿತ್ತು. ಅವನು ಒಳಗೆ ಹೋದರೆ ಜವಾನನು ಬಾಗಿಲಲ್ಲೇ ನಿಲ್ಲುತ್ತಿದ್ದನು.

ಒಂದು ಮಧ್ಯಾಹ್ನ ಡಾಕ್ಟರು ಊಟದ ಹೊತ್ತಿಗೆ ಬಂದರು. ಅಣ್ಣುವಿನ ಹೆಂಡತಿ ಕಾಂತಿ ಆಸ್ಪತ್ರೆಯ ಹಿತ್ತಲಲ್ಲಿ ಬೇಯಿಸಿ ತಂದ ಗಂಜಿಯನ್ನು ಅವನು ತಿಳಿಯ ಸಮೇತ, ಬಟ್ಟಲೆತ್ತಿ, ಮುಗಿಸುತ್ತಿದ್ದನು.

"ಅಳತೆ ಬಿಟ್ಟು ಬೇರೇನೂ ಕುಡಿಯೋದಿಲ್ಲ ಅಂದ್ರಲ್ಲ! ಇದೇನ್ರೀ?"

"ಇದು ಊಟ ಅಲ್ವಾ ಡಾಕ್ಟ್ರೇ? ಗಂಜಿಯನ್ನು ಯಾರಾದರೂ ಕುಡೀತಾರಾ? ಉಣ್ಣುದು."

"ದಿನಕ್ಕೆ ಎಷ್ಟು ಸಲ?"

"ಬಾಯಾರಿದಾಗೆಲ್ಲ ಉಣ್ತೇನೆ."

ನಮ್ಮ ಕಡೆ ಗಂಜಿಗೆ 'ಉಣ್ಣು' ಎಂಬುದೇ ಕ್ರಿಯಾಪದ. ಡಾಕ್ಟರು ಹಣೆ ಒತ್ತಿಕೊಂಡರು, ಬೈಯಲಿಲ್ಲ. ಅಷ್ಟು ದಿನದ ಅಳತೆಯೆಲ್ಲ ಕೆಟ್ಟಿತ್ತು. ಗಂಜಿಯನ್ನೂ ಸೇರಿಸಿ ಮತ್ತೆ ಮೊದಲಿನಿಂದ ಶುರು.

ಸಂಜೆ ನಾನು ಹೋದಾಗ ಅಣ್ಣು ಗೋಡೆಯ ಕಡೆ ತಿರುಗಿ ಮಲಗಿದ್ದನು. "ಧಾರೆ ಭಾವನೇ ಎರೆಯಲಿ ಮಾಷ್ಟ್ರೇ. ಬಸ್ಸಿನವರ ಹತ್ತಿರ ಹೇಳಿ ಕಳಿಸಿ," ಎಂದನು.

ಮದುವೆಯ ಮರುದಿನ ಕುಸುಮ ಗಂಡನೊಡನೆ ಬಂದಳು. ಕಾವಲಿನವನು ಅವಳೊಬ್ಬಳನ್ನೇ ಒಳಗೆ ಬಿಟ್ಟನು. ಹುಡುಗನನ್ನು ಗೊತ್ತುಮಾಡಿದ್ದು ಭಾವ. ಅಣ್ಣು ಅವನ ಮುಖವನ್ನೂ ಕಂಡಿರಲಿಲ್ಲ.

"ಅಳಿಯನಿಗೆ ಕಿಟಕಿಯ ಹತ್ತಿರ ಬರಲಿಕ್ಕೆ ಹೇಳು ಮಗಾ."

ಸರಳುಗಳ ನಡುವೆ ಕೈ ತೂರಿಸಿ ಹುಡುಗನ ಕೈ ಹಿಡಿದನು. ಹೊತ್ತಾಯಿತೆಂದು ನರ್ಸಮ್ಮ ಕರೆದರೂ ಬಿಡಲಿಲ್ಲ.