ಕಮಲಮ್ಮನವರ ರುಬ್ಬುಗುಂಡು

ಬೆಳಗ್ಗೆ ಹಾಲಿಟ್ಟು, ಡಿಕಾಕ್ಷನ್ ಇಳಿಯಲೆಂದು ಒಲೆಯ ಮುಂದೆ ನಿಂತೆ. ಕಿವಿ ಮಾತ್ರ ಗೋಡೆಯ ಕಡೆಗೇ ಇತ್ತು. ಚಾಮರಾಜಪೇಟೆಯ ನಮ್ಮ ಹಳೆಯ ಸಾಲುಮನೆಗಳಲ್ಲಿ ಎರಡು ಮನೆಗೆ ಒಂದೇ ಗೋಡೆ. ಆಚೆ ಬದಿಯಲ್ಲಿ ಕಮಲಮ್ಮನವರು ರುಬ್ಬುಗುಂಡನ್ನು ಎದೆಮಟ್ಟಕ್ಕೆ ಎತ್ತಿ, ಮಡಿಸಿದ ಗೋಣಿಯ ಮೇಲೆ ಧಪ್ಪೆಂದು ಇಳಿಸಿದ ಮೇಲೆಯೇ ನಾನು ಕಾಫಿ ಬೆರೆಸುತ್ತಿದ್ದದ್ದು. ಅವರು ತೀರಿಕೊಂಡು ತಿಂಗಳಾಯಿತು. ಇವತ್ತೂ ಹಾಲು ಉಕ್ಕಿತು.

ಎಪ್ಪತ್ತು ದಾಟಿದ್ದ, ಮೊಣಕೈವರೆಗೂ ರವಿಕೆ ತೊಡುತ್ತಿದ್ದ ಅವರಿಗೆ ಪೈಲ್ವಾನರಾಗುವ ಆಸೆಯೇನೂ ಇರಲಿಲ್ಲ. ಜೊತೆಗಿದ್ದ ಅಕ್ಕನಿಗೆ ಮರೆವು ಬಂದು, ಕೊನೆಗೆ ಅನ್ನ ಕಲಸಿ ಕೊಡುತ್ತಿದ್ದ ಇವರನ್ನೇ "ನೀವು ಯಾರ ಮನೆಯವ್ರು?" ಎಂದು ಕೇಳುತ್ತಿದ್ದರಂತೆ. ತಮಗೂ ಹಾಗಾದೀತೆಂಬ ಭಯ. ಡಾಕ್ಟರು, "ವಾಕಿಂಗ್ ಒಂದೇ ಸಾಲ್ದು, ಸ್ವಲ್ಪ ಭಾರಾನೂ ಎತ್ತಿ. ಮೈಗೆ ಬಲ ಬಂದ್ರೆ ತಲೆಗೂ ಒಳ್ಳೇದು. ಖಾತ್ರಿ ಮಾತ್ರ ಕೊಡಕ್ಕಾಗಲ್ಲ" ಅಂದರು. ನೀರಿನ ಬಾಟಲಿಯಿಂದ ಶುರುವಾದದ್ದು, ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ರುಬ್ಬುಗುಂಡಿಗೆ ಬಂದು ನಿಂತಿತು.

ಅದಕ್ಕೆ ತಮ್ಮದೊಂದು ನೇಮ ಸೇರಿಸಿದ್ದರು: ಎತ್ತಿದಾಗಲೆಲ್ಲ ಬೀದಿಯ ಒಬ್ಬರ ಹೆಸರು ಹೇಳಬೇಕು, ಹೆಸರು ಬಾರದೆ ಇಳಿಸುವಂತಿಲ್ಲ. ಒಮ್ಮೆ ನಾನು ಕಾಫಿ ಕೊಡಲು ಹೋದಾಗ ಸೊಪ್ಪು ಮಾರುವವಳ ಹೆಸರು ಸಿಕ್ಕದೆ ನಿಂತಿದ್ದರು. ಗುಂಡು ಇನ್ನೂ ಎದೆಮಟ್ಟದಲ್ಲೇ ಇತ್ತು. ಕುಂಕುಮ ಬೆವರಿಗೆ ಕರಗಿ ಮೂಗಿಗಿಳಿದಿತ್ತು. ನಾನು ಬಾಯಿ ತೆರೆದೆ.

"ಹೇಳ್ಬೇಡ ಕಣೇ! ಹೇಳಿದ್ರೆ ನಿನ್ ಕಾಲ್ ಮೇಲೇ ಹಾಕ್ತೀನಿ!"

ಆಮೇಲೆ, "ಮುನಿಯಮ್ಮ!" ಧಪ್. ಇಬ್ಬರೂ ನಕ್ಕೆವು. ಅವರ ಕಣ್ಣಲ್ಲಿ ನೀರಿತ್ತು.

ನನ್ನ ಹೆಸರು ಯಾವಾಗಲೂ ಮೊದಲನೆಯದು. "ವಸುಂಧರಾ", ಎಳೆದು, ಪೂರ್ತಿಯಾಗಿ. ಕಾನ್ವೆಂಟಿನ ಹಾಜರಿ ಮುಗಿದ ಮೇಲೆ ಹಾಗೆ ಕರೆದವರು ಅವರೊಬ್ಬರೇ. ನಮ್ಮ ಮನೆಯವರಿಗೆ ನಾನು "ಏ, ಇವ್ಳೇ", ಬೀದಿಗೆಲ್ಲ ಆಂಟಿ.

ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಲೋಟ ಎತ್ತಲೂ ಅವರಿಗೆ ಆಗುತ್ತಿರಲಿಲ್ಲ. ಎದೆಯ ಕಾಯಿಲೆ ಅಷ್ಟು ಹಿಂಡಿತ್ತು. ಕಣ್ಣು ಬಿಟ್ಟು, "ವಸುಂಧರಾ, ಹಾಲಿಟ್ಟು ಬಂದಿದೀಯೇನೇ? ಹೋಗು" ಎಂದರು. ಹೆಸರು ಎಲ್ಲಿಯೂ ತಡವರಿಸಲಿಲ್ಲ.

ಗುಂಡು ಈಗ ನಮ್ಮ ಹಿತ್ತಲಲ್ಲಿದೆ. ಸಂಜೆ ಎತ್ತಿ ನೋಡಿದೆ. ಸೊಂಟದವರೆಗೆ ಬಂತು. "ಕಮಲಮ್ಮ" ಎಂದೆ, ಇಳಿಸುವಾಗ ಕೈ ಜಾರಿತು.

ಸದ್ದಿಗೆ ಮಹಡಿ ಮನೆಯ ಮಾಲಿನಿ ಬಗ್ಗಿ ನೋಡಿದಳು. ಅವಳು ಇಲ್ಲಿಗೆ ಬಂದು ವರ್ಷಗಳೇ ಆದವು.

"ಏನ್ ಬಿತ್ತು ಆಂಟಿ? ಹಾಂ, ಹೇಳೋದೇ ಮರ್ತೆ. ಮಧ್ಯಾಹ್ನ ಕೊರಿಯರ್‌ನವ್ನು ಯಾರೋ ವಸುಂಧರಾ ಅಂತ ಹುಡುಕ್ಕೊಂಡ್ ಬಂದಿದ್ದ. ಆ ಹೆಸರಿನವ್ರು ಇಲ್ಲಿ ಯಾರೂ ಇಲ್ಲಪ್ಪ ಅಂತ ವಾಪಸ್ ಕಳಿಸ್ಬಿಟ್ಟೆ."